ಮಾಸು ಕೆಳಗಿದ್ದರೆ ವಿಮಾನ ಪ್ರಯಾಣ ಮಾಡಬಹುದೇ?

ದೆಹಲಿ, ದುಬೈಗಳಲ್ಲಿರುವ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆಸುವ ತಾಯಂದಿರೇ, ಟಿಕೆಟು ಕೊಳ್ಳುವ ಮೊದಲು ಸ್ಕ್ಯಾನಿಂಗಿನಲ್ಲಿ ಮಾಸು ಎಲ್ಲಿದೆಯೆಂದು ವಿಚಾರಿಸಿರಿ.

ಮಾಸು ಸಾಮಾನ್ಯವಾಗಿ ಗರ್ಭಕೋಶದ ಮೇಲ್ಭಾಗಕ್ಕೆ ಅಂಟಿರುತ್ತದೆ. ಅದರ ಅಂಚು ಗರ್ಭಕೋಶದ ಬಾಯಿಗೆ 2 ಸೆಂಟಿಮೀಟರಿಗಿಂತ ಹತ್ತಿರವಿದ್ದರೆ ‘ಕೆಳಗಿದೆ’ ಎನ್ನುತ್ತಾರೆ. 20ನೇ ವಾರದಲ್ಲಿ ಹೀಗೆ ಕಂಡರೆ ಗಾಬರಿ ಬೇಡ. ಎಳೆಯ ಸೋರೆಕಾಯಿಯ ತುದಿಯ ಬಳಿ ಉಗುರಿನಿಂದ ಗುರುತು ಮಾಡಿ ನೋಡಿರಿ. ಕಾಯಿ ಬೆಳೆದಂತೆ ಗುರುತು ತುದಿಯಿಂದ ದೂರವಾಗುತ್ತದೆ. ಹಾಗೆಯೇ ಗರ್ಭಕೋಶ ಹಿಗ್ಗಿದಂತೆ, ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಮಾಸು ಬಾಯಿಯಿಂದ ದೂರವಾಗುತ್ತದೆ. 32ನೇ ವಾರದಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ವಿಮಾನದೊಳಗಿನ ಗಾಳಿಯ ಒತ್ತಡದಿಂದ ಮಾಸು ಕಳಚುವುದಿಲ್ಲ. ಅಪಾಯ ಬೇರೆಯಿದೆ. ಮಾಸು ಕೆಳಗಿದ್ದವರಿಗೆ ನೋವಿಲ್ಲದೆ, ಒಮ್ಮೆಲೇ ರಕ್ತ ಹೋಗಬಹುದು. ವಿಮಾನದಲ್ಲಿ ಕೊಡಲು ರಕ್ತವಿಲ್ಲ, ಶಸ್ತ್ರಚಿಕಿತ್ಸೆಯ ಕೋಣೆಯಿಲ್ಲ. ಇಳಿದ ಮೇಲೂ ಊರಿನ ದಾರಿ ಉಳಿದಿರುತ್ತದೆ.

ಆದುದರಿಂದ ಇವನ್ನು ನೆನಪಿಡಿರಿ:

1. ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. 28 ವಾರ ಕಳೆದರೆ ಅನೇಕ ವಿಮಾನ ಕಂಪನಿಗಳು ವೈದ್ಯರ ಪತ್ರ ಕೇಳುತ್ತವೆ.

2. ಸ್ಕ್ಯಾನಿಂಗಿನ ವರದಿ, ರಕ್ತದ ಗುಂಪಿನ ಚೀಟಿ ಕೈಚೀಲದಲ್ಲಿರಲಿ.

3. ಊರಿನಲ್ಲಿರುವಾಗ ರಕ್ತ ಕಂಡರೆ, ನೋವಿಲ್ಲವೆಂದು ಕಾಯದೆ 108ಕ್ಕೆ ಫೋನು ಮಾಡಿರಿ. ಮನೆಯಲ್ಲಿ ಯಾರೂ ಒಳಪರೀಕ್ಷೆ ಮಾಡಕೂಡದು.

4. ರಕ್ತ ಕಂಡಿದ್ದರೆ, ಅಥವಾ 32ನೇ ವಾರದಲ್ಲೂ ಮಾಸು ಕೆಳಗೇ ಇದ್ದರೆ, ಮಗಳು ಇರುವಲ್ಲಿಯೇ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯಾಗಲಿ.

ತವರಿನ ಬಾಣಂತನ ತಪ್ಪಿತೆಂದು ಕೊರಗಬೇಡಿರಿ. ಮಗಳು ಬರಲಾಗದಿದ್ದರೆ ತಾಯಿಯೇ ಅಲ್ಲಿಗೆ ಹೋಗಬಹುದಲ್ಲವೇ?