ಕೀಲಿ ತಿರುಗಿಸಿದರೆ ಬರೀ ‘ಟಕ್’

ಮಳೆ ಬಿಟ್ಟು ಹೊಲ ಹದಕ್ಕೆ ಬಂದಿದೆ. ಕೀಲಿ ತಿರುಗಿಸಿದರೆ ಮಿನಿ ಟ್ರ್ಯಾಕ್ಟರ್ ಒಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ. ಬಿತ್ತನೆ ಹೊತ್ತಿನಲ್ಲಿ ಇದು ಎತ್ತು ಕುಂಟಿದಷ್ಟೇ ಸಂಕಟ. ನಮ್ಮಲ್ಲಿ ಹೀಗಾದಾಗ ಪೇಟೆಯ ಮೆಕ್ಯಾನಿಕ್ ಮೊದಲು ಬ್ಯಾಟರಿ ಬದಲಿಸಿದರು, ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿ ಒಯ್ದರು. ಕೊನೆಗೆ ದೋಷ ಸಿಕ್ಕಿದ್ದು ಅರ್ಥ್ ವೈರ್ ಬಿಗಿದ ಬೋಲ್ಟಿನಡಿ ಕಟ್ಟಿದ್ದ ತುಕ್ಕಿನಲ್ಲಿ. ಉಪ್ಪುಕಾಗದದಿಂದ ಉಜ್ಜಿದ್ದೇ ತಡ, ಇಂಜಿನ್ ಹೊತ್ತಿಕೊಂಡಿತು. ಅಳೆಯದೆ ಒಂದು ಬಿಡಿಭಾಗವನ್ನೂ ಬದಲಿಸಬಾರದೆಂದು ಅಂದೇ ಗಟ್ಟಿ ಮಾಡಿಕೊಂಡೆ.

ಸೆಲ್ಫ್‌ಗೆ ಕರೆಂಟ್ ಬರುವುದು ಎರಡು ದಾರಿಯಲ್ಲಿ. ಬ್ಯಾಟರಿಯಿಂದ ನೇರ ಬರುವ ದಪ್ಪ ವೈರ್ ನೂರಕ್ಕೂ ಹೆಚ್ಚು ಆಂಪಿಯರ್ ಹೊರುತ್ತದೆ. ಸಣ್ಣ ವೈರ್ ಫ್ಯೂಸ್, ಕೀಲಿ, ನ್ಯೂಟ್ರಲ್ ಅಥವಾ ಕ್ಲಚ್ ಸ್ವಿಚ್ ದಾಟಿ ಸೊಲೆನಾಯ್ಡ್ ಮುಟ್ಟಿ, ದಪ್ಪ ದಾರಿಯ ಬಾಗಿಲು ತೆಗೆಸುತ್ತದೆ. ಆದ್ದರಿಂದ ಮೊದಲು ಕಿವಿಗೊಡಬೇಕು. ಸದ್ದೇ ಇಲ್ಲದಿದ್ದರೆ ಸಣ್ಣ ದಾರಿಯಲ್ಲಿ ಹುಡುಕಿ. ಒಂದೇ ‘ಟಕ್’ ಆದರೆ ಸೊಲೆನಾಯ್ಡ್ ಎಳೆದಿದೆ. ದಪ್ಪ ದಾರಿಯತ್ತ ನೋಡಿ. ‘ಟಕಟಕಟಕ’ ಎಂದರೆ ಬಹುಪಾಲು ಬ್ಯಾಟರಿಯೇ ಸೋತಿರುತ್ತದೆ: ಸೊಲೆನಾಯ್ಡ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬಿಟ್ಟುಕೊಡುತ್ತದೆ, ಮತ್ತೆ ಎಳೆಯುತ್ತದೆ.

ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಅನುಮಾನಿಸಬೇಕು. ಅರ್ಥ್ ಪರೀಕ್ಷೆಯಲ್ಲಿ ಬಹಳ ಜನ ಎಡವುತ್ತಾರೆ. ಮೀಟರನ್ನು ಓಮ್‌ಗೆ ಇಟ್ಟರೆ ತುಕ್ಕು ಹಿಡಿದ ವೈರೂ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಮೀಟರ್ ಹರಿಸುವ ಕರೆಂಟ್ ತೀರಾ ಅಲ್ಪ. ಹೂಳು ತುಂಬಿದ ಕಾಲುವೆಯಲ್ಲೂ ಒಂದು ಚೊಂಬು ನೀರು ಹರಿದೀತು, ಗದ್ದೆ ತುಂಬುವಷ್ಟು ಹರಿಯದು. ಹಾಗಾಗಿ ಮೀಟರನ್ನು ವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಇಂಜಿನ್ ಮೈಗೂ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಆ ಕಡೆಯೇ ತಡೆ ಇದೆ.

ಸಣ್ಣ ದಾರಿಗೆ 12 ವೋಲ್ಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್ ಸಾಕು. ಒಂದು ತುದಿ ಇಂಜಿನ್ ಮೈಗೆ ಕಚ್ಚಿಸಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಇನ್ನೊಬ್ಬರು ಸೀಟಿನಲ್ಲಿ ಕೂತು ಕ್ಲಚ್ ತುಳಿದು ಕೀಲಿ ಹಿಡಿದಿರಲಿ. ಫ್ಯೂಸಿನ ಆಚೆ, ಈಚೆ, ಕೀಲಿಯ ಬೆನ್ನು, ಸ್ವಿಚ್ಚಿನ ಎರಡೂ ಬದಿ ಎಂದು ಮುಟ್ಟುತ್ತ ಹೋಗಿ. ಬಲ್ಬ್ ಎಲ್ಲಿ ಆರಿತೋ ಅದರ ಹಿಂದೆಯೇ ದೋಷವಿದೆ. ಮಳೆಗಾಲದಲ್ಲಿ ಅಲ್ಲಿ ಇಲಿ ಕಡಿದ ವೈರೂ ಸಿಗಬಹುದು.

ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತಬೇಡಿ. ಒಣಹುಲ್ಲಿನ ಹೊಟ್ಟು ಕೂತ ವೈರಿಂಗ್‌ಗೆ ಬೆಂಕಿ ಹಿಡಿಯಲು ಅಷ್ಟು ಸಾಕು. ಅದಕ್ಕಿಂತ ಹೆದರಿಕೆ ನನಗೆ ನ್ಯೂಟ್ರಲ್ ಸ್ವಿಚ್ಚಿನ ಎರಡು ವೈರ್ ಸೇರಿಸಿ ಹೆಣೆಯುವವರನ್ನು ಕಂಡರೆ, ನೆಲದಲ್ಲಿ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫ್ ಹೊಡೆಸುವವರನ್ನು ಕಂಡರೆ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಹಾಗೇ ಹೊರಟರೆ ಹಿಂದಿನ ಗಾಲಿ ಬರುವುದು ನಿಂತವರ ಮೈಮೇಲೆ. ಹೀಗೆ ಜೀವ ಹೋಗಿದೆ.

ಹೋದ ಮುಂಗಾರಿನಲ್ಲಿ ನಮ್ಮ ನ್ಯೂಟ್ರಲ್ ಸ್ವಿಚ್ಚೇ ಕೆಟ್ಟಿತು. ಹೊಸದು ಬರುವ ತನಕ ಎರಡು ದಿನ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲೇ ನಿಂತಿತ್ತು. ಕುಂಟೆ ಹೊಡೆಯಲು ಪಕ್ಕದ ಮನೆಯ ಎತ್ತು ಕೇಳಿ ತಂದೆವು.