ಇದ್ದಲು ಸುಡುವವನು ತಂದ ಶುಭವಾರ್ತೆ

ಡಿಸೆಂಬರ್ 3ರಂದು ನಾವು ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬವನ್ನು ಆಚರಿಸುತ್ತೇವೆ. 1552ರಲ್ಲಿ ಚೀನಾದ ಕರಾವಳಿಗೆ ಸಮೀಪದ ದ್ವೀಪವೊಂದರಲ್ಲಿ ಪ್ರಾಣಬಿಟ್ಟ ಆ ಮಹಾಸಂತರ ಪವಿತ್ರ ಶರೀರವು ಗೋವೆಯ ಬೊಂ ಜೇಸು ದೇವಾಲಯದಲ್ಲಿದೆ. ಅವರ ಹೆಸರನ್ನು ಹೊತ್ತ ಒಬ್ಬರಾದರೂ ಇಲ್ಲದ ಕಥೋಲಿಕ ಬಂಧುಬಳಗ ನಮ್ಮಲ್ಲಿ ಅಪರೂಪ. ಆದರೆ ಆ ಹೆಸರು ಮೂಲತಃ ಒಂದು ಊರಿನದೆಂಬುದು, 'ಎಚೆ ಬೆರ್ರಿ' ಎಂಬ ಬಾಸ್ಕ್ ಭಾಷೆಯ ಮಾತು ಸವೆದು ಕ್ಸೇವಿಯರ್ ಆಯಿತೆಂಬುದು, ಅದರ ಅರ್ಥ 'ಹೊಸ ಮನೆ' ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1506ರಲ್ಲಿ ನವಾರ್ರೆ ರಾಜ್ಯದ ಕೋಟೆಮನೆಯೊಂದರಲ್ಲಿ ಹುಟ್ಟಿದ ಫ್ರಾನ್ಸಿಸರ ಮಾತೃಭಾಷೆ ಬಾಸ್ಕ್. ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನಾಸಿಯವರೂ ಆ ಜನಾಂಗಕ್ಕೇ ಸೇರಿದವರು. ನಮ್ಮ ನಾಡಿಗೆ ಇಷ್ಟು ಹತ್ತಿರದವರಾದ ಈ ಸಂತರ ಜನರು ಕ್ರಿಸ್ತಜಯಂತಿಯನ್ನು ಹೇಗೆ ಕೊಂಡಾಡುತ್ತಾರೆಂಬುದನ್ನು ಈ ವಾರ ನೋಡೋಣ.

ಬಾಸ್ಕರ ನಾಡು ಪಿರನೀಸ್ ಪರ್ವತಗಳ ಪಶ್ಚಿಮದ ತುದಿಯಲ್ಲಿದೆ. ಅದರ ಏಳು ಪ್ರಾಂತಗಳಲ್ಲಿ ನಾಲ್ಕು ಸ್ಪೇನಿನಲ್ಲಿಯೂ ಮೂರು ಫ್ರಾನ್ಸಿನಲ್ಲಿಯೂ ಸೇರಿವೆ. ಅವರ ಭಾಷೆಗೆ ಸುತ್ತಲಿನ ಯಾವ ಭಾಷೆಯೊಡನೆಯೂ ನಂಟಿಲ್ಲ. ಆ ಭಾಷೆಯಲ್ಲಿ ಕ್ರಿಸ್ಮಸ್ ಹಬ್ಬಕ್ಕೆ 'ಎಗುಬೆರ್ರಿ' ಎಂದು ಹೆಸರು, ಅಂದರೆ 'ಹೊಸ ದಿನ'. ಹಬ್ಬದ ಹಿಂದಿನ ರಾತ್ರಿಗೆ 'ಗಬೋನ್', ಅಂದರೆ 'ಒಳ್ಳೆಯ ರಾತ್ರಿ'.

ಆ ಒಳ್ಳೆಯ ರಾತ್ರಿ ಬಾಸ್ಕ್ ಮಕ್ಕಳು ಕಾಯುವುದು ಕೆಂಪಂಗಿಯ ಕ್ರಿಸ್ಮಸ್ ತಾತನನ್ನಲ್ಲ. ಅವರು ಕಾಯುವುದು ಬೆಟ್ಟದಿಂದ ಇಳಿದು ಬರುವ ಒಲೆಂಟ್ಸೆರೊವನ್ನು. ತಲೆಯ ಮೇಲೆ ಕಪ್ಪು ಚಪ್ಪಟೆ ಟೊಪ್ಪಿಗೆ, ಬಾಯಲ್ಲಿ ಚುಂಗಾಣಿ, ಕಾಲಲ್ಲಿ ತೊಗಲಿನ ಪಾದರಕ್ಷೆ, ದೊಡ್ಡ ಹೊಟ್ಟೆ, ಇದ್ದಲ ಮಸಿ ಮೆತ್ತಿದ ಮುಖ. ಆತ ಕಾಡಿನಲ್ಲಿ ಇದ್ದಲು ಸುಡುವವನು. ಊಟವೆಂದರೆ ಪ್ರಾಣ, ದ್ರಾಕ್ಷಾರಸವೆಂದರೆ ಇನ್ನೂ ಪ್ರೀತಿ. ಸಂತನಲ್ಲ, ರಾಜನಲ್ಲ, ಬಡ ಕೂಲಿಗಾರ.

ಮಸಿಯ ಮುಖದ ಹಿಂದೆ

ಇದ್ದಲು ಸುಡುವುದು ಆ ಬೆಟ್ಟಗಳ ಹಳೆಯ ಕಸುಬು. ಮರದ ತುಂಡುಗಳನ್ನು ಗುಡ್ಡೆಯಾಗಿ ಒಟ್ಟಿ, ಎಲೆ ಮತ್ತು ಮಣ್ಣು ಮುಚ್ಚಿ, ಒಳಗಿನ ಬೆಂಕಿ ಉರಿದೇಳದಂತೆಯೂ ಆರದಂತೆಯೂ ಅನೇಕ ದಿನ ಹಗಲಿರುಳು ಕಾಯಬೇಕು. ಗಾಳಿ ಹೆಚ್ಚಾದರೆ ಎಲ್ಲವೂ ಬೂದಿ, ಕಡಿಮೆಯಾದರೆ ಮರ ಹಾಗೆಯೇ ಉಳಿಯುತ್ತದೆ. ಬಾಸ್ಕ್ ನಾಡಿನ ಹೆಸರಾಂತ ಕಬ್ಬಿಣದ ಕುಲುಮೆಗಳು ಶತಮಾನಗಳ ಕಾಲ ಉರಿದದ್ದು ಈ ಇದ್ದಲಿನಿಂದಲೇ. ಅದನ್ನು ಸುಟ್ಟವರು ಮಾತ್ರ ಮನೆ, ಮಡದಿ, ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಕಾಡಿನ ಗುಡಿಸಲುಗಳಲ್ಲಿ ಇರುತ್ತಿದ್ದರು. ಅಂಥವನೊಬ್ಬನು ಹಬ್ಬದ ರಾತ್ರಿ ಮನೆಗೆ ಬರುತ್ತಾನೆಂಬ ಕಲ್ಪನೆಯ ಹಿಂದೆ ಎಷ್ಟು ಮನೆಗಳ ಕಾಯುವಿಕೆ ಇದ್ದಿರಬೇಕು!

ಒಲೆಂಟ್ಸೆರೊ ಎಂಬ ಹೆಸರಿನ ಮೂಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಲೆಸೊ ಎಂಬ ಊರಿನ ಗುರುಗಳಾಗಿದ್ದ ಲೋಪೆ ಮಾರ್ತಿನೆಸ್ ದೆ ಇಸಾಸ್ತಿಯವರು 1625ರಲ್ಲಿ ಬರೆದ ಗ್ರಂಥದಲ್ಲಿ ಕ್ರಿಸ್ಮಸ್ ರಾತ್ರಿಗೆ 'ಒನೆಂಟ್ಸಾರೊ' ಎಂಬ ಹೆಸರಿರುವುದನ್ನು ಹೇಳಿ, 'ಒಳ್ಳೆಯವರ ಕಾಲ' ಎಂದು ಅದನ್ನು ಅರ್ಥೈಸಿದ್ದಾರೆ. ಅಂದರೆ ಅಂದು ಅದು ವ್ಯಕ್ತಿಯ ಹೆಸರಲ್ಲ, ಕಾಲದ ಹೆಸರು. ಮಾನವಶಾಸ್ತ್ರಜ್ಞ ಹುಲಿಯೊ ಕಾರೊ ಬರೋಹಾ ಅವರು ಇನ್ನೊಂದು ದಾರಿ ತೋರಿಸಿದ್ದಾರೆ. ಆಗಮನ ಕಾಲದ ಕೊನೆಯ ದಿನಗಳಲ್ಲಿ, ಡಿಸೆಂಬರ್ 17ರಿಂದ 23ರವರೆಗೆ, ಸಂಧ್ಯಾಪ್ರಾರ್ಥನೆಯ ಮರಿಯಳ ಸ್ತುತಿಗೀತೆಯ ಮೊದಲು 'ಓ' ಎಂಬ ಕರೆಯಿಂದ ಆರಂಭವಾಗುವ ಏಳು ಪಲ್ಲವಿಗಳನ್ನು ಧರ್ಮಸಭೆ ಹಾಡುತ್ತದೆ. ರಕ್ಷಕನನ್ನು 'ಬಾ' ಎಂದು ಕರೆಯುವ ಆ ಪಲ್ಲವಿಗಳ 'ಓ'ಕಾರವೇ ಈ ಹೆಸರಿನಲ್ಲಿ ಉಳಿದಿದೆಯೆಂಬುದು ಅವರ ಊಹೆ.

ಹೆಸರಿನಂತೆಯೇ ರೂಪವೂ ಒಂದಲ್ಲ. ಕೆಲವು ಊರುಗಳಲ್ಲಿ ಆ ರಾತ್ರಿ ಒಲೆಯಲ್ಲಿ ಉರಿಸುವ ದೊಡ್ಡ ಕೊರಡಿಗೇ ಈ ಹೆಸರು. ಅದರ ಬೂದಿಯನ್ನು ಮನೆಗೂ ದನಕರುಗಳಿಗೂ ರಕ್ಷೆಯೆಂದು ಎತ್ತಿಡುತ್ತಿದ್ದರು. ಮನೆಯ ಯಜಮಾನನು ಆ ರಾತ್ರಿಯ ರೊಟ್ಟಿಯ ಮೇಲೆ ಶಿಲುಬೆಯ ಗುರುತು ಮಾಡಿ, ಮೊದಲ ತುಂಡನ್ನು ವರ್ಷವಿಡೀ ಕಾಪಾಡುವ ಪದ್ಧತಿಯೂ ಇತ್ತು. ಮತ್ತೆ ಕೆಲವೆಡೆ ಒಲೆಂಟ್ಸೆರೊ ಮಕ್ಕಳಿಗೆ ಗುಮ್ಮನಾಗಿದ್ದ. ವರ್ಷಕ್ಕೆ ಎಷ್ಟು ದಿನಗಳೋ ಅಷ್ಟು ಕಣ್ಣುಗಳು ಅವನಿಗೆ. ಬೇಗ ಮಲಗದಿದ್ದರೆ ಕುಡುಗೋಲು ಹಿಡಿದು ಹೊಗೆಗೂಡಿನಿಂದ ಇಳಿಯುತ್ತಾನೆಂದು ಹೆದರಿಸುತ್ತಿದ್ದರು. ನವಾರ್ರೆಯ ಲೆಸಾಕ ಮತ್ತು ಅದರ ಸುತ್ತಲಿನ ಊರುಗಳಲ್ಲಿಯಾದರೋ ಹುಲ್ಲು ತುಂಬಿದ ಅವನ ಗೊಂಬೆಯನ್ನು ಹೆಗಲ ಮೇಲೆ ಹೊತ್ತು, ಮನೆಮನೆಯ ಮುಂದೆ ಹಾಡುತ್ತ ಸಾಗುವ ವಾಡಿಕೆ. ಉಡುಗೊರೆ ತರುವ ಪ್ರೀತಿಯ ತಾತನ ಪಾತ್ರ ಅವನಿಗೆ ಬಂದದ್ದು ತೀರ ಈಚೆಗೆ. ಅದಕ್ಕೆ ಮೊದಲು ಅಲ್ಲಿನ ಮಕ್ಕಳಿಗೆ ಉಡುಗೊರೆ ತರುತ್ತಿದ್ದವರು ಜನವರಿ 6ರ ಮೂರು ರಾಯರು.

ಬೆಳಗುವ ಮೋಡ

ಈ ಜಾನಪದವನ್ನು ಜೋಪಾನವಾಗಿ ಬರೆದಿಟ್ಟವರಲ್ಲಿ ಪ್ರಮುಖರು ಒಬ್ಬ ಕಥೋಲಿಕ ಗುರುಗಳೆಂಬುದು ನಮಗೆ ಹೆಮ್ಮೆಯ ಸಂಗತಿ. 1889ರಲ್ಲಿ ಅತಾವುನ್ ಎಂಬ ಹಳ್ಳಿಯಲ್ಲಿ ಹುಟ್ಟಿದ ವಂದನೀಯ ಹೊಸೆ ಮಿಗೆಲ್ ದೆ ಬರಾಂದಿಯಾರಾನರು ರೈತರ ಒಲೆಯ ಪಕ್ಕದಲ್ಲಿ ಕುಳಿತು ಅವರ ಕಥೆಗಳನ್ನು ಕೇಳಿ ಬರೆದುಕೊಂಡರು. ಅಂತರ್ಯುದ್ಧದ ಕಾರಣ 1936ರಲ್ಲಿ ಗಡಿ ದಾಟಿದ ಅವರು ಫ್ರಾನ್ಸಿನ ಭಾಗದಲ್ಲಿ ನೆಲೆಸಿ, 1953ರಲ್ಲಷ್ಟೇ ಮರಳಿದರು. 1991ರ ಡಿಸೆಂಬರ್ 21ರಂದು, ಕ್ರಿಸ್ಮಸ್‌ಗೆ ನಾಲ್ಕು ದಿನಗಳಿರುವಾಗ, ತಮ್ಮ 101ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಅವರು ತಮ್ಮ ಊರಿನಲ್ಲಿ ಸಂಗ್ರಹಿಸಿದ ಕಥೆಯೊಂದು ಹೀಗಿದೆ. ಬೆಟ್ಟಗಳಲ್ಲಿ 'ಜೆಂತಿಲ್'ರೆಂಬ ಮಹಾಬಲಶಾಲಿಗಳಾದ ದೈತ್ಯರು ವಾಸವಾಗಿದ್ದರು. ಅವರು ಕ್ರಿಸ್ತನನ್ನು ಅರಿಯದವರು. ಒಂದು ದಿನ ಅವರು ಬೆಟ್ಟದ ಮೇಲೆ ಆಟವಾಡುತ್ತಿರುವಾಗ ಪೂರ್ವದಿಕ್ಕಿನಲ್ಲಿ ಅಪೂರ್ವವಾಗಿ ಬೆಳಗುವ ಮೋಡವೊಂದು ಕಾಣಿಸಿತು. ಹೆದರಿದ ಅವರು ತಮ್ಮ ಕುಲದ ಹಿರಿಯನನ್ನು ಹೊರಗೆ ಕರೆತಂದು ತೋರಿಸಿದರು. ಅದನ್ನು ಕಂಡ ಮುದುಕನು, ಕಿಷ್ಮಿ ಹುಟ್ಟಿದನು, ನಮ್ಮ ಕಾಲ ಮುಗಿಯಿತು, ನನ್ನನ್ನು ಈ ಪ್ರಪಾತಕ್ಕೆ ತಳ್ಳಿಬಿಡಿ ಎಂದನು. ಕಿಷ್ಮಿ ಎಂಬುದು ಅವರು ಕ್ರಿಸ್ತನಿಗೆ ಇಟ್ಟ ಹೆಸರು. ಮಕ್ಕಳು ಹಾಗೆಯೇ ಮಾಡಿದರು. ಬಳಿಕ ಬೆಳಕು ಬೆನ್ನಟ್ಟಿ ಬರಲು ಪಶ್ಚಿಮಕ್ಕೆ ಓಡಿ, ಕಣಿವೆಯೊಂದರ ದೊಡ್ಡ ಬಂಡೆಗಲ್ಲಿನ ಅಡಿಯಲ್ಲಿ ಶಾಶ್ವತವಾಗಿ ಮರೆಯಾದರು.

ಈ ಕಥೆಗೆ ಜನರು ಮುಂದೆ ಒಂದು ಎಳೆಯನ್ನು ಸೇರಿಸಿದರು. ಎಲ್ಲರೂ ಬೆಳಕಿಗೆ ಬೆದರಿ ಓಡಿದಾಗ ಒಬ್ಬನು ಮಾತ್ರ ಓಡಲಿಲ್ಲ. ಅವನು ಬೆಟ್ಟವಿಳಿದು ಊರಿಗೆ ಹೋಗಿ, ರಕ್ಷಕನು ಹುಟ್ಟಿದನೆಂಬ ಸುದ್ದಿಯನ್ನು ಜನರಿಗೆ ಸಾರಿದನು. ಅವನೇ ಒಲೆಂಟ್ಸೆರೊ.

ಎಷ್ಟು ಅರ್ಥಗರ್ಭಿತವಾದ ಕಲ್ಪನೆ! ಬೆತ್ಲೆಹೇಮಿನ ಹೊಲಗಳಲ್ಲಿ ಇರುಳು ಕಾಯುತ್ತಿದ್ದ ಕುರುಬರಿಗೆ ದೊರೆತ ಭಾಗ್ಯವನ್ನು ಈ ಜನ ತಮ್ಮ ಕಾಡಿನಲ್ಲಿ ಇರುಳು ಬೆಂಕಿ ಕಾಯುವವನಿಗೆ ಕೊಟ್ಟಿದ್ದಾರೆ.

ಮತ್ತೆ ಬೀದಿಗೆ ಬಂದವನು

1936ರಿಂದ 1939ರವರೆಗಿನ ಅಂತರ್ಯುದ್ಧದಲ್ಲಿ ಬಾಸ್ಕ್ ನಾಡು ಬಹಳ ನೊಂದಿತು. 1937ರ ಏಪ್ರಿಲ್ 26ರಂದು ಗೆರ್ನಿಕ ಪಟ್ಟಣದ ಮೇಲೆ ಬಾಂಬಿನ ಮಳೆಯಾಯಿತು. ತಮ್ಮ ಜನರ ಪಕ್ಷ ವಹಿಸಿದರೆಂದು ಹಲವು ಬಾಸ್ಕ್ ಗುರುಗಳನ್ನು 1936ರಲ್ಲಿ ಫ್ರಾಂಕೊನ ಪಡೆಗಳು ಗುಂಡಿಕ್ಕಿ ಕೊಂದವು. ಆತನ ಆಳ್ವಿಕೆಯಲ್ಲಿ ಬಾಸ್ಕ್ ಭಾಷೆಯನ್ನು ಶಾಲೆಯಿಂದ ಹೊರಗಿಡಲಾಯಿತು. ಮಕ್ಕಳಿಗೆ ಬಾಸ್ಕ್ ಹೆಸರಿಡುವುದಕ್ಕೂ ಅಡ್ಡಿಯಾಯಿತು. ಆ ಕತ್ತಲೆಯ ಕಾಲದಲ್ಲೇ, 1950ರ ದಶಕದಿಂದ ಮೊದಲ್ಗೊಂಡು, ಕೆಲವು ಊರುಗಳ ಉತ್ಸಾಹಿಗಳು ಒಲೆಂಟ್ಸೆರೊವನ್ನು ಮತ್ತೆ ಬೀದಿಗೆ ತಂದರು. 1975ರಲ್ಲಿ ಫ್ರಾಂಕೊ ಮರಣ ಹೊಂದಿದ ಮೇಲೆ ಕೆಲವೇ ಕಣಿವೆಗಳ ಈ ಆಚರಣೆ ಇಡೀ ನಾಡಿಗೆ ಹಬ್ಬಿತು. 1990ರ ದಶಕದಲ್ಲಿ ಮಾರಿ ದೊಮಿಂಗಿ ಎಂಬ ಸಂಗಾತಿಯೂ ಅವನ ಜೊತೆಗೂಡಿದಳು. ಇಂದು ಮಕ್ಕಳು ಅವನಿಗೆ ಪತ್ರ ಬರೆಯುತ್ತಾರೆ; ಡಿಸೆಂಬರ್ 24ರ ಸಂಜೆ ಅವನ ಮೆರವಣಿಗೆ ನೋಡಲು ಬೀದಿಗಳಲ್ಲಿ ಸೇರುತ್ತಾರೆ. ತಾಯ್ನುಡಿಯ ಹಾಡನ್ನು ಕಲಿಯಲು ಅವರಿಗೆ ಅವನೇ ಒಂದು ನೆಪ.

ಆದರೂ ಇಲ್ಲಿ ನಾವು ಒಂದು ಮಾತನ್ನು ಮರೆಮಾಚಬಾರದು. ಇಂದು ಬಾಸ್ಕ್ ನಾಡಿನಲ್ಲಿ ದೇವಾಲಯಕ್ಕೆ ಹೋಗುವವರ ಸಂಖ್ಯೆ ಬಹಳ ಇಳಿದಿದೆ. ಅನೇಕ ಮನೆಗಳಲ್ಲಿ ಒಲೆಂಟ್ಸೆರೊ ಬರುತ್ತಾನೆ, ಆದರೆ ಅವನು ಯಾರ ಜನನದ ಸುದ್ದಿ ತಂದನೋ ಆ ಬಾಲಯೇಸುವಿನ ಮಾತೇ ಬರುವುದಿಲ್ಲ. ಕ್ರೈಸ್ತಪೂರ್ವ ಕಾಲದ ದೇವತೆಯೆಂದೇ ಅವನನ್ನು ಬಣ್ಣಿಸುವವರೂ ಇದ್ದಾರೆ. ಓಲೆಕಾರ ಉಳಿದು ಓಲೆ ಕಳೆದುಹೋದಂತೆ!

ಅದನ್ನು ಹೇಳಿ ಅವರತ್ತ ಬೆರಳು ತೋರಿಸುವ ಮೊದಲು ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಅಂಗಡಿಯಿಂದ ತಂದ ನಕ್ಷತ್ರ, ದೀಪದ ಸರ, ಕ್ರಿಸ್ಮಸ್ ತಾತನ ಮುಖವಾಡ ಎಲ್ಲವೂ ನಮ್ಮಲ್ಲಿವೆ. ಗೋದಲಿಯ ಮುಂದೆ ಮಕ್ಕಳನ್ನು ಕೂರಿಸಿಕೊಂಡು, ಈ ಮಗು ಯಾರು, ಈ ಕುರುಬರು ಏಕೆ ಓಡಿಬಂದರು ಎಂದು ಹೇಳಲು ನಮಗೆ ಬಿಡುವಿದೆಯೇ? ಅಜ್ಜಿಯರು ಹೇಳುತ್ತಿದ್ದ ಕಥೆಗಳನ್ನು, ನಮ್ಮ ನುಡಿಯ ಹಬ್ಬದ ಹಾಡುಗಳನ್ನು ಬರೆದಿಟ್ಟುಕೊಂಡವರು ನಮ್ಮಲ್ಲಿ ಎಷ್ಟು ಮಂದಿ? ವಂದನೀಯ ಬರಾಂದಿಯಾರಾನರಿಗೆ ಜನರ ಕಥೆಯೂ ದೇವರ ಮಾತೂ ಒಂದನ್ನೊಂದು ಅಳಿಸುವಂಥವಾಗಿ ಕಾಣಲಿಲ್ಲ. ಹಗಲು ಗುಹೆಗಳನ್ನು ಅಗೆದು ಕಥೆಗಳನ್ನು ಕೇಳಿದ ಆ ಕೈಗಳೇ ಬಲಿಪೂಜೆಯಲ್ಲಿ ರೊಟ್ಟಿಯನ್ನು ಎತ್ತಿ ಹಿಡಿದವು.

ಈ ಸಲ ಹಬ್ಬದ ರಾತ್ರಿ ನಮ್ಮ ಮಕ್ಕಳಿಗೆ ಮಸಿಮುಖದ ಆ ಇದ್ದಲಿನವನ ಕಥೆಯನ್ನು ಹೇಳೋಣ. ಬೆಳಕು ಕಂಡಾಗ ಬಂಡೆಯಡಿ ಅವಿತವರೂ ಇದ್ದರು, ಆ ಬೆಳಕಿನ ಸುದ್ದಿ ಹೊತ್ತು ಊರಿಗೆ ಇಳಿದವನೂ ಒಬ್ಬನಿದ್ದನು ಎಂದು ಹೇಳೋಣ. ಫ್ರಾನ್ಸಿಸರ ಹೆಸರಿನಲ್ಲಿ 'ಹೊಸ ಮನೆ' ಇದೆ, ಅವರ ಜನರ ಹಬ್ಬದ ಹೆಸರಿನಲ್ಲಿ 'ಹೊಸ ದಿನ' ಇದೆ. ಹುಟ್ಟಿ ಬರುವ ಪ್ರಭುವಿಗೆ ನಮ್ಮ ಮನೆ ಹೊಸ ಮನೆಯಾಗಲಿ, ಆ ಬೆಳಗು ನಮಗೆಲ್ಲ ಹೊಸ ದಿನವಾಗಲಿ.