ಇಕಾಮಾ ಇರುವಷ್ಟು ದಿನ

ರಜೆಯಲ್ಲಿ ಊರಿಗೆ ಬಂದ ಕೊಲ್ಲಿ ನಾಡಿನ ಉದ್ಯೋಗಿಯೊಬ್ಬನು ಆದಿತ್ಯವಾರದ ಬಲಿಪೂಜೆ ಮುಗಿಸಿ ಇಗರ್ಜಿಯ ಅಂಗಳಕ್ಕೆ ಇಳಿದನೆಂದರೆ, ಪರಿಚಿತರು ಅವನಲ್ಲಿ ಕೇಳುವ ಪ್ರಶ್ನೆಗಳು ಎರಡು: ‘ಯಾವಾಗ ಬಂದದ್ದು? ಯಾವಾಗ ಹೋಗುವುದು?’ ಈ ಎರಡರ ನಡುವೆ ಉಸಿರೆಳೆದುಕೊಳ್ಳುವಷ್ಟೂ ಬಿಡುವಿರುವುದಿಲ್ಲ. ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇಲ್ಲ. ಆದರೂ ಬಹಳ ವರ್ಷ ಇವಕ್ಕೆ ಉತ್ತರ ಕೊಟ್ಟ ನಮಗೆ ಒಂದು ಮಾತು ಬಹುಬೇಗ ತಿಳಿದಿತ್ತು: ಊರವರ ಲೆಕ್ಕದಲ್ಲಿ ನಾವು ಅಲ್ಲಿಯವರು, ಅಲ್ಲಿಯ ಸರಕಾರದ ಲೆಕ್ಕದಲ್ಲಿ ಇಲ್ಲಿಯವರು.

ಇಲ್ಲಿ ‘ನಾವು’ ಎಂದರೆ ಗಂಡ ಹೆಂಡಿರಿಬ್ಬರೂ. ಮೂಡುಬಿದಿರೆಯ ಸಮೀಪದ ಮನೆಯೊಂದರಿಂದ 1983ರಲ್ಲಿ ಒಬ್ಬರು, 1986ರಲ್ಲಿ ಇನ್ನೊಬ್ಬರು ಕುವೈತಿಗೆ ಹೋಗಿ, ನಡುವೆ ಎರಡು ವರ್ಷ ಬಿಟ್ಟು, 2009ರವರೆಗೆ ಅಲ್ಲಿ ದುಡಿದವರು. ಆ ಹಳೆಯ ಕಥೆಯನ್ನು ಈಗ ಬರೆಯಲು ಕಾರಣ, ಕಳೆದ ವಾರ ನಮ್ಮ ಮೇಜಿನ ಮೇಲೆ ಬಂದು ಕುಳಿತ ಒಂದು ಕಾಗದ. ನಾದಿನಿಯ ಮಗ, ಐ.ಟಿ.ಐ. ಮುಗಿಸಿದ ಎಲೆಕ್ಟ್ರಿಷಿಯನ್, ಸಂಜೆ ಓಡೋಡಿ ಬಂದು, ‘ಮಾಮ್, ವೀಸಾ ಬಂತು’ ಎಂದು ಅದನ್ನು ಮುಂದಿಟ್ಟನು. ಕುವೈತಿನ ವೀಸಾ, ಏಜೆಂಟನ ಬೇಡಿಕೆ ಒಂದು ಲಕ್ಷದ ಅರುವತ್ತು ಸಾವಿರ. ಆ ಕಾಗದದ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇವೆ.

ಮಂಗಳೂರಿನಿಂದ ದುಬೈಗೆ ಹಾರಲು ಇಂದು ಬೇಕಾಗುವುದು ಮೂರೂವರೆ ಗಂಟೆಯ ಆಸುಪಾಸು. ಘಟ್ಟ ಹತ್ತಿ ಬೆಂಗಳೂರು ಮುಟ್ಟಲು ಅದರ ಎರಡರಷ್ಟು ಬೇಕು. ಆ ಅರ್ಥದಲ್ಲಿ ಕಡಲಾಚೆಯ ಅರಬ್ಬೀ ನಾಡುಗಳು ನಮಗೆ ನೆರೆಮನೆಯೇ. ಈ ನೆರೆತನ ನಿನ್ನೆ ಮೊನ್ನೆಯದೂ ಅಲ್ಲ. ಬಹ್ರೈನಿನ ಮನಾಮಾದಲ್ಲಿ ಯೇಸುವಿನ ಪವಿತ್ರ ಹೃದಯದ ಇಗರ್ಜಿ ಬಾಗಿಲು ತೆರೆದದ್ದು 1939ರಲ್ಲಿ. ಕೊಲ್ಲಿಯ ಆ ನಾಡುಗಳಲ್ಲಿ ನಮ್ಮ ರೂಪಾಯಿಯೇ ಚಲಾವಣೆಯಲ್ಲಿದ್ದು, 1959ರಲ್ಲಿ ರಿಸರ್ವ್ ಬ್ಯಾಂಕು ಅವಕ್ಕೆಂದೇ ಬೇರೆ ಬಣ್ಣದ ನೋಟುಗಳನ್ನು ಮುದ್ರಿಸಿತ್ತೆಂದರೆ ಇಂದಿನ ಯುವಕರು ನಂಬಲಾರರು. ಕುವೈತು 1961ರಲ್ಲಿ ತನ್ನದೇ ದಿನಾರನ್ನು ತಂದಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಉಳಿದವರಲ್ಲಿ ಹೆಚ್ಚಿನವರೂ ಒಬ್ಬೊಬ್ಬರಾಗಿ ಅದನ್ನು ಕೈಬಿಟ್ಟರು.

ನಮ್ಮ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆಯ ಧರ್ಮಕೇಂದ್ರಗಳಿಂದ ಜನ ಸಾಲುಗಟ್ಟಿ ಹೊರಟದ್ದು 1970ರ ದಶಕದಲ್ಲಿ. 1973ರಲ್ಲಿ ತೈಲದ ಬೆಲೆ ಒಮ್ಮೆಲೇ ಏರಿತು, ಅಲ್ಲಿ ಕಟ್ಟುವ ಕೆಲಸಕ್ಕೆ ಕೈಗಳು ಬೇಕಾದವು. ಇಲ್ಲಿ 1974ರಲ್ಲಿ ಭೂಸುಧಾರಣೆಯ ಕಾನೂನು ಜಾರಿಯಾಗಿ ಗೇಣಿದಾರನು ಒಡೆಯನಾದನು. ಅದು ದೊಡ್ಡ ಉಪಕಾರವೇ ಸರಿ. ಆದರೆ ಎರಡೆಕರೆ ಗದ್ದೆಯನ್ನು ಐದಾರು ಗಂಡುಮಕ್ಕಳಿಗೆ ಹಂಚಿದರೆ ಯಾರ ಹೊಟ್ಟೆಯೂ ತುಂಬದು. ಬೀಡಿ ಕಟ್ಟಿದ ದುಡ್ಡಿನಲ್ಲಿ ಶಾಲೆಯ ಶುಲ್ಕ ಕಟ್ಟಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಹೀಗಾಗಿ ಮೊದಲು ಮುಂಬಯಿ, ಮುಂಬಯಿಯಿಂದ ವಿಮಾನ ಎಂಬುದು ರೂಢಿಯಾಯಿತು. ಮಂಗಳೂರಿನಿಂದಲೇ ದುಬೈಗೆ ನೇರ ವಿಮಾನ ಸಿಕ್ಕಿದ್ದು 2006ರಲ್ಲಿ.

ನಮ್ಮ ಪ್ರಯಾಣವೂ ಮುಂಬಯಿಯ ಬಸ್ಸಿನಿಂದಲೇ ಆರಂಭವಾಯಿತು. ಏಜೆಂಟನು ಹೇಳಿದ್ದು ಅಂಗಡಿಯ ಸ್ಟೋರಿನಲ್ಲಿ ಕೆಲಸವೆಂದು. ಊರಲ್ಲಿ ಬಂಗಾರ ಅಡವಿಟ್ಟು ಹಣ ಕೊಟ್ಟು, ನಾಲ್ಕು ತಿಂಗಳು ಒಂದು ಕೋಣೆಯಲ್ಲಿ ಹದಿಮೂರು ಮಂದಿಯೊಡನೆ ಕಾದು ಕುಳಿತೆವು. ಬಂದ ವೀಸಾ ಅರಬ್ಬೀಯಲ್ಲಿತ್ತು. ಅದರಲ್ಲಿದ್ದ ‘ಖಾದಿಂ’ ಎಂಬ ಶಬ್ದದ ಅರ್ಥ ಮನೆಯಾಳು ಎಂದು ಗೊತ್ತಾದದ್ದು ಕುವೈತಿನ ನೆಲದಲ್ಲಿ, ಒಡೆಯನ ಮನೆಯ ಅಡುಗೆಕೋಣೆಯಲ್ಲಿ. ಆ ಒಡೆಯನು ಕೆಟ್ಟವನಲ್ಲ. ಊಟವಿಕ್ಕಿದನು, ಸಂಬಳ ತಡಮಾಡಲಿಲ್ಲ, ಎರಡು ವರ್ಷಗಳ ಮೇಲೆ ಬಿಡುಗಡೆಯನ್ನೂ ಬರೆದುಕೊಟ್ಟನು. ಅವನು ಹಾಗಿದ್ದದ್ದು ನಮ್ಮ ಅದೃಷ್ಟ. ಅದೇ ಬೀದಿಯಲ್ಲಿ ಆ ಅದೃಷ್ಟವಿಲ್ಲದವರನ್ನೂ ಕಂಡಿದ್ದೇವೆ.

ಇಕಾಮಾ ಎಂದರೆ ವಾಸದ ಪರವಾನಗಿ. ಅದು ಕೆಲಸಗಾರನ ಸ್ವತ್ತಲ್ಲ. ಕಫೀಲ, ಅಂದರೆ ಹೊಣೆ ಹೊತ್ತ ಒಡೆಯ ಇಲ್ಲವೇ ಕಂಪೆನಿಯ ಹೆಸರಿಗೆ ಕಟ್ಟಿದ ಹಗ್ಗ. ಕೆಲಸ ಹೋಯಿತೆಂದರೆ ವಾಸವೂ ಹೋಯಿತು. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದ ಮನೆಯಾದರೂ, ಅಲ್ಲಿಯೇ ಹುಟ್ಟಿದ ಮಗುವಾದರೂ ನಿಯಮ ಬೇರೆಯಾಗದು. ಹುಟ್ಟಿದ ಮಾತ್ರಕ್ಕೆ ಅಲ್ಲಿಯ ಪೌರತ್ವ ಸಿಗುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಹಲವು ಕೊಲ್ಲಿ ರಾಷ್ಟ್ರಗಳು ಈ ಹಗ್ಗವನ್ನು ಸಡಿಲಿಸಿವೆ. ಕತಾರು 2020ರಲ್ಲಿ, ಸೌದಿ ಅರೇಬಿಯಾ 2021ರಲ್ಲಿ ಕೆಲಸ ಬದಲಿಸುವ ದಾರಿಯನ್ನು ಮೊದಲಿಗಿಂತ ಸುಲಭ ಮಾಡಿದವು. ಸಡಿಲವಾದದ್ದು ಹೌದು, ಬಿಚ್ಚಿಹೋಗಿಲ್ಲ.

ಇಷ್ಟಿದ್ದರೂ ಬದುಕು ಅಲ್ಲಿ ಬೇರು ಬಿಡುತ್ತದೆ. ಶುಕ್ರವಾರವೇ ನಮ್ಮ ಆದಿತ್ಯವಾರವಾಯಿತು. ಕುವೈತ್ ನಗರದ ಪವಿತ್ರ ಕುಟುಂಬದ ಪ್ರಧಾನಾಲಯದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಂದು ಭಾಷೆಯ ಬಲಿಪೂಜೆ ಮುಗಿಯುತ್ತಲೇ ಇನ್ನೊಂದು. ಅಂಗಳದಲ್ಲಿ ಕೊಂಕಣಿ ಕೇಳಿದ ಕೂಡಲೇ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು. ಶಿರ್ತಾಡಿಯವರು, ವೇಣೂರಿನವರು, ಮಡಂತ್ಯಾರಿನವರು, ಅಗ್ರಾರಿನವರು ಎಂದು ಊರಿನ ಹೆಸರಿನಲ್ಲೇ ಪರಿಚಯ. ಊರಿನಲ್ಲಿ ಒಂದೇ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿಯೂ ಮಾತನಾಡದವರು ಅಲ್ಲಿ ಬಂಧುಗಳಾದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಯಾರದೋ ಪೆಟ್ಟಿಗೆಯಲ್ಲಿ ಹೊಸ ತೆನೆ ವಿಮಾನವೇರಿ ಬರುತ್ತಿತ್ತು. ಒಬ್ಬೊಬ್ಬರಿಗೆ ನಾಲ್ಕೈದು ಕಾಳು ಸಿಕ್ಕಿದರೆ ಹೆಚ್ಚು, ಪಾಯಸಕ್ಕೆ ಹಾಕಿ ಉಂಡೆವು. ರಜೆಯಿಂದ ಮರಳುವವನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಕುಚ್ಚಲಕ್ಕಿ, ಒಣಮೀನು, ಮಾವಿನ ಉಪ್ಪಿನಕಾಯಿಯ ಭಾರವೇ ಜಾಸ್ತಿ.

1990ರ ಆಗಸ್ಟ್ 2, ಗುರುವಾರ. ಬೆಳಗ್ಗೆ ಎದ್ದಾಗ ಬೀದಿಯಲ್ಲಿ ಇರಾಕಿನ ಟ್ಯಾಂಕುಗಳಿದ್ದವು. ಆಗ ನಾವು ಒಂದು ಕಂಪೆನಿಯ ಕೆಲಸದಲ್ಲಿದ್ದೆವು. ಪಾಸ್‌ಪೋರ್ಟುಗಳು ಕಂಪೆನಿಯ ತಿಜೋರಿಯಲ್ಲಿ, ತಿಜೋರಿಯ ಕೀಲಿ ಬೇಸಗೆ ಕಳೆಯಲು ಯೂರೋಪಿಗೆ ಹೋದ ಒಡೆಯನ ಬಳಿಯಲ್ಲಿ. ಬ್ಯಾಂಕುಗಳು ಮುಚ್ಚಿದವು. ಊರಿಗೆ ತಾರಿಲ್ಲ, ಫೋನಿಲ್ಲ. ಕೆಲವು ವಾರಗಳಲ್ಲಿ ಕುವೈತಿನ ದಿನಾರು ಇರಾಕಿನ ದಿನಾರಿಗೆ ಸಮವೆಂದು ಆಜ್ಞೆಯಾಯಿತು. ಅಂದರೆ ಏಳು ವರ್ಷ ಕೂಡಿಟ್ಟ ನೋಟುಗಳು ಒಂದು ಮಾತಿನಿಂದ ರದ್ದಿಯ ಬೆಲೆಗೆ ಇಳಿದವು.

ಸೆಪ್ಟೆಂಬರಿನಲ್ಲಿ ಬಸ್ಸಿನಲ್ಲಿ ಬಸ್ರಾಕ್ಕೆ, ಅಲ್ಲಿಂದ ಬಾಗ್ದಾದಿಗೆ, ಮತ್ತೆ ಜೋರ್ಡಾನಿನ ಗಡಿಗೆ. ರುವೈಶೆದ್ ಸಮೀಪದ ಮರುಭೂಮಿಯ ಶಿಬಿರದಲ್ಲಿ ಹಗಲು ಉರಿ, ರಾತ್ರಿ ಚಳಿ. ನೀರಿನ ಟ್ಯಾಂಕರ್ ಬಂದಾಗ ವಿದ್ಯಾವಂತ ಅವಿದ್ಯಾವಂತ ಎಂಬ ಭೇದವಿಲ್ಲದೆ ನೂಕುನುಗ್ಗಲು. ಕೊನೆಗೆ ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ. ಆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಭಾರತೀಯರನ್ನು ಕರೆತಂದರೆಂಬುದನ್ನು ನಾವು ಓದಿ ತಿಳಿದದ್ದು ಆಮೇಲೆ. ಆಗ ನಮಗೆ ಲೆಕ್ಕವಿದ್ದದ್ದು ಎರಡು ಕೈಚೀಲ, ಒಂದು ಮಗು. ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಇಳಿದಾಗ ಆಟೋರಿಕ್ಷಾದವನು ಬಾಡಿಗೆ ತೆಗೆದುಕೊಳ್ಳಲಿಲ್ಲ. ‘ಯಾವಾಗ ಹೋಗುವುದು?’ ಎಂದು ಆ ಸಲ ಯಾರೂ ಕೇಳಲಿಲ್ಲ.

ಪಾಸ್‌ಪೋರ್ಟ್ ಇಲ್ಲದ ನಾವು ಗಡಿ ದಾಟಿದ್ದು ನಮ್ಮ ರಾಯಭಾರ ಕಚೇರಿಯು ಕೊಟ್ಟ ತುರ್ತು ಪತ್ರದಿಂದ. ಆ ಪತ್ರ ಸಿಕ್ಕಿದ್ದು ಪ್ರಾರ್ಥನೆಯ ಪುಸ್ತಕದ ನಡುವೆ ಮಡಿಸಿಟ್ಟಿದ್ದ ಪಾಸ್‌ಪೋರ್ಟಿನ ಮತ್ತು ಇಕಾಮಾ ಪುಟದ ಛಾಯಾಪ್ರತಿಯಿಂದ. ಅದೇ ಪ್ರತಿ ಇನ್ನೊಮ್ಮೆ ಕೆಲಸಕ್ಕೆ ಬಂತು. 1991ರಲ್ಲಿ ವಿಶ್ವಸಂಸ್ಥೆಯು ಪರಿಹಾರ ಆಯೋಗವೊಂದನ್ನು ನೇಮಿಸಿ, ಇರಾಕಿನ ತೈಲದ ಹಣದ ಪಾಲಿನಿಂದ ಸಂತ್ರಸ್ತರಿಗೆ ಪರಿಹಾರ ಕೊಡಿಸಿತು. ಕುವೈತನ್ನು ತೊರೆಯಬೇಕಾಗಿ ಬಂದ ಕುಟುಂಬಕ್ಕೆ ನಿಗದಿಯಾದ ಮೊತ್ತ 5,000 ಡಾಲರ್. ಬೇರಾವ ನಷ್ಟವನ್ನೂ ಕೇಳುವುದಿಲ್ಲವೆಂದು ಒಪ್ಪಿದವರಿಗೆ 8,000. ದಾಖಲೆಯಿದ್ದ ನಮಗೆ ಕೆಲವು ವರ್ಷಗಳ ಬಳಿಕ ಅದು ಬಂತು. ನಮ್ಮೊಡನೆ ಅದೇ ಬಸ್ಸಿನಲ್ಲಿ ಬಂದ ಒಬ್ಬರು, ಏನೂ ತೋರಿಸಲಾರದೆ, ಅರ್ಜಿಯನ್ನೇ ಹಾಕಲಿಲ್ಲ.

1992ರಲ್ಲಿ ಮತ್ತೆ ಹೋದೆವು. ಯಾಕೆ ಹೋದಿರಿ ಎಂದು ಮಕ್ಕಳು ಈಗ ಕೇಳುತ್ತಾರೆ. ಮನೆಯ ತಾರಸಿ ಅರ್ಧಕ್ಕೆ ನಿಂತಿತ್ತು, ತಂಗಿಯ ಮದುವೆ ಬಾಕಿಯಿತ್ತು. ಇದಕ್ಕಿಂತ ದೊಡ್ಡ ಉತ್ತರ ನಮ್ಮಲ್ಲಿಲ್ಲ. ಆದರೆ ಎರಡನೆಯ ಸಲ ನಾವು ಬೇರೆ ರೀತಿಯಲ್ಲಿ ಬದುಕಿದೆವು. ಕರಾರುಪತ್ರದ ಒಂದೊಂದು ಸಾಲನ್ನೂ ಅರಬ್ಬೀ ಬಲ್ಲವರಿಂದ ಓದಿಸಿದೆವು. ಕೈಯಲ್ಲಿ ನೋಟು ಕೂಡಿಡಲಿಲ್ಲ, ತಿಂಗಳು ತಿಂಗಳು ಊರಿಗೆ ಕಳುಹಿಸಿದೆವು. ಮಕ್ಕಳನ್ನು ಹೈಸ್ಕೂಲಿನ ವೇಳೆಗೆ ಊರಿಗೆ ತಂದು ಅಜ್ಜಿಯ ಬಳಿ ಬಿಟ್ಟೆವು. ಇದೊಂದು ಸರಿಯೋ ತಪ್ಪೋ ಎಂದು ಇಂದಿಗೂ ನಮ್ಮಲ್ಲಿ ಒಮ್ಮತವಿಲ್ಲ. ಮಗನು ಹತ್ತನೆಯ ತರಗತಿಯ ವರ್ಷವಿಡೀ ನಮ್ಮೊಡನೆ ಫೋನಿನಲ್ಲಿ ಮಾತನಾಡಿದ್ದು ಹಬ್ಬದ ದಿನಗಳಲ್ಲಿ ಮಾತ್ರ.

ನಿವೃತ್ತಿಯ ವೇಳೆ ಕೈಗೆ ಬರುವ ಇಡಿಗಂಟಿನ ವಿಷಯದಲ್ಲಿ ನಮ್ಮವರ ಅಜ್ಞಾನ ಅಪಾರ. ಕುವೈತಿನ 2010ರ ಕಾರ್ಮಿಕ ಕಾನೂನಿನ ಪ್ರಕಾರ ತಿಂಗಳ ಸಂಬಳದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 15 ದಿನಗಳ, ಆ ಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. ಒಟ್ಟು ಒಂದೂವರೆ ವರ್ಷದ ಸಂಬಳವನ್ನು ಮೀರುವಂತಿಲ್ಲ. ಲೆಕ್ಕ ಹಿಡಿಯುವುದು ಕರಾರಿನಲ್ಲಿ ಬರೆದ ಸಂಬಳದ ಮೇಲೆ, ಬಾಯಿಮಾತಿನ ಸಂಬಳದ ಮೇಲಲ್ಲ. ಇನ್ನು ಮನೆಗೆಲಸದವರು ಈ ಕಾನೂನಿನ ಅಡಿಯಲ್ಲಿ ಬರುವುದೇ ಇಲ್ಲ. ಅವರಿಗೆ 2015ರಲ್ಲಿ ಬೇರೊಂದು ಕಾನೂನಾಯಿತು.

ಈಗ ಆ ಹುಡುಗನ ಕಾಗದ. ಕುವೈತಿನ ವೀಸಾದಲ್ಲಿ ನೋಡಬೇಕಾದದ್ದು ಕಲಮಿನ ಸಂಖ್ಯೆ. ಕಂಪೆನಿಯ ಕೆಲಸಕ್ಕೆ ಹದಿನೆಂಟು, ಮನೆಗೆಲಸಕ್ಕೆ ಇಪ್ಪತ್ತು. ಅರಬ್ಬೀ ಅಂಕಿ ಓದಲು ಬಾರದವರಿಗೂ ಇದು ಕಷ್ಟವಲ್ಲ. ಹದಿನೆಂಟೆಂದರೆ ಒಂದು ನೇರ ಗೆರೆ, ಅದರ ಬಲಕ್ಕೆ ಮಾಡಿನ ಆಕಾರದ ಗುರುತು. ಇಪ್ಪತ್ತರಲ್ಲಿ ಕೊನೆಗೊಂದು ಚುಕ್ಕೆ, ಆ ಚುಕ್ಕೆಯೇ ಅವರ ಸೊನ್ನೆ. ನಮ್ಮ ಮೇಜಿನ ಮೇಲಿದ್ದ ಕಾಗದದಲ್ಲಿ ಚುಕ್ಕೆಯಿತ್ತು.

ಇಪ್ಪತ್ತರ ವೀಸಾದಲ್ಲಿ ಹೋಗಿ ಹೊರಗೆ ವೈರಿಂಗ್ ಕೆಲಸ ಮಾಡಿದರೆ ಅದು ಅಪರಾಧ, ಸಿಕ್ಕಿಬಿದ್ದರೆ ಗಡೀಪಾರು. ಇಪ್ಪತ್ತರಿಂದ ಹದಿನೆಂಟಕ್ಕೆ ಬದಲಿಸಲು 2024ರ ಜುಲೈ ಮಧ್ಯದಿಂದ ಎರಡು ತಿಂಗಳು ಅಲ್ಲಿಯ ಸರಕಾರ ಅವಕಾಶ ಕೊಟ್ಟಿತ್ತು. ಅಂಥ ಬಾಗಿಲು ಮತ್ತೆ ಯಾವಾಗ ತೆರೆಯುವುದೆಂದು ನಂಬಿ ಸಾಲ ಮಾಡಲಾಗದು. ನಮ್ಮ ದೇಶದ ನಿಯಮದಂತೆ ಪರವಾನಗಿಯುಳ್ಳ ಏಜೆಂಟನು ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಉಳಿದದ್ದು ಯಾವ ಲೆಕ್ಕಕ್ಕೆ ಎಂದು ಕೇಳಿದರೆ ಹುಡುಗ ತಲೆ ತಗ್ಗಿಸಿದನು.

ಇನ್ನೊಂದು ವಿಚಿತ್ರವನ್ನು ತಂದೆ ತಾಯಂದಿರು ತಿಳಿಯಬೇಕು. ಹತ್ತನೆಯ ತರಗತಿ ಪಾಸಾಗದವನು ಕೊಲ್ಲಿಗೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಸರಕಾರದ ಅನುಮತಿ ಬೇಕು, ಅವನ ಕರಾರುಪತ್ರವನ್ನು ಅಧಿಕಾರಿಗಳು ಪರಿಶೀಲಿಸುತ್ತಾರೆ. ಪಾಸಾದವನಿಗೆ, ದಾದಿಯರಂತಹ ಕೆಲವರನ್ನು ಬಿಟ್ಟು, ಆ ಪರಿಶೀಲನೆ ಇಲ್ಲ. ಓದಿದವನು ತಾನೇ ಓದಿ ನೋಡಿಕೊಳ್ಳುವನೆಂಬುದು ಕಾಯಿದೆಯ ಊಹೆ. ನಮ್ಮ ಹುಡುಗರೆಲ್ಲ ಓದಿದವರೇ, ಅರಬ್ಬೀಯನ್ನಲ್ಲ. ನೆರೆಯ ಕೇರಳವು 1996ರಲ್ಲೇ ಹೊರನಾಡಿಗರಿಗೆಂದು ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ನಮ್ಮ ಕರಾವಳಿಯಲ್ಲಿ ಇಂಥ ಕಾಗದ ಓದಿಸಲು ಜನ ಈಗಲೂ ಹಳೆಯ ಗಲ್ಫಿನವರ ಮನೆಯ ಬಾಗಿಲನ್ನೇ ತಟ್ಟುತ್ತಾರೆ.

ಇದನ್ನೆಲ್ಲ ಹೇಳಿದ ಮಾರನೆಯ ದಿನ ಹುಡುಗನ ತಾಯಿ ಬಂದಳು. ಮುಖ ಬಾಡಿತ್ತು. ‘ಅಣ್ಣಾ, ನೀವು ಹೋದದ್ದೂ ಅದೇ ವೀಸಾದಲ್ಲಿ ಅಲ್ಲವೇ? ಈ ಮನೆ ಕಟ್ಟಿದ್ದೂ ಆ ದುಡ್ಡಿನಲ್ಲಿ. ನನ್ನ ಮಗನಿಗೆ ಮಾತ್ರ ಬೇಡವೇ?’ ಎಂದಳು. ಅವಳ ಮದುವೆಯ ಬಂಗಾರವೂ ಆ ದುಡ್ಡಿನದೇ ಎಂದು ಅವಳೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಹೋಗಬೇಡವೆಂದು ನಾವು ಹೇಳಿಲ್ಲ, ಆ ಕಾಗದದಲ್ಲಿ ಹೋಗಬೇಡವೆಂದಿದ್ದೇವೆ ಎಂದೆವು. ಅವಳು ಕಾಫಿ ಕುಡಿಯದೆ ಎದ್ದಳು.

ಹುಡುಗನು ಏಜೆಂಟನಿಗೆ ಫೋನು ಮಾಡಿ, ಕಂಪೆನಿಯ ಹೆಸರಿನಲ್ಲಿ ಹದಿನೆಂಟರ ವೀಸಾವೂ ಸಂಬಳ ಬರೆದ ಕರಾರೂ ಬರಲಿ, ಆ ಮೇಲೆ ಹಣ ಎಂದಿದ್ದಾನಂತೆ. ಏಜೆಂಟನು ಎಂಟು ದಿನದ ಅವಕಾಶ ಕೇಳಿದ್ದಾನೆ. ಮುಂಗಡ ಕೊಟ್ಟ ಇಪ್ಪತ್ತೈದು ಸಾವಿರದ ಮಾತನ್ನು ಎತ್ತಿದರೆ ಫೋನು ಇಡುತ್ತಾನಂತೆ. ಬರುವ ಆದಿತ್ಯವಾರ ಎರಡನೆಯ ಬಲಿಪೂಜೆ ಮುಗಿಸಿ ತಾಯಿಯೊಡನೆ ನಮ್ಮಲ್ಲಿಗೆ ಬರುವುದಾಗಿ ಹೇಳಿ ಕಳುಹಿಸಿದ್ದಾನೆ.